ಗೃಹಗಣಿತ: ನೂರಕ್ಕೆ ಎಷ್ಟು ಇಳಿಯಿತು?

ನಮ್ಮ ಪರಿಚಯದ ಮನೆಯೊಂದರಲ್ಲಿ ವೃದ್ಧೆಯಾದ ತಾಯಿಯೊಬ್ಬರು ಒಂಟಿಯಾಗಿ ವಾಸಿಸುತ್ತಿರುವರು. ಯಜಮಾನರು ಕಾಲವಾದ ಮೇಲೆ ಕೈಗೆ ಬಂದ ಆರು ಲಕ್ಷ ರೂಪಾಯಿಗಳನ್ನು ಅವರು ಬ್ಯಾಂಕೊಂದರಲ್ಲಿ ಠೇವಣಿಯಾಗಿಟ್ಟು, ಅದರ ಬಡ್ಡಿಯಿಂದಲೇ ಹಾಲು, ಔಷಧ, ದೀಪದ ಖರ್ಚುಗಳನ್ನು ತೂಗಿಸಿಕೊಂಡು ಬರುತ್ತಿದ್ದರು. ಬಡ್ಡಿಯ ದರವು ನೂರಕ್ಕೆ ೮ ಇದ್ದುದರಿಂದ ವರ್ಷಕ್ಕೆ ೪೮,೦೦೦ ರೂಪಾಯಿ, ಎಂದರೆ ತಿಂಗಳಿಗೆ ೪,೦೦೦ ರೂಪಾಯಿ ಅವರಿಗೆ ದೊರೆಯುತ್ತಿದ್ದಿತು. ಅವಧಿ ಮುಗಿದು ಠೇವಣಿಯನ್ನು ಮತ್ತೆ ಇಡುವ ಕಾಲಕ್ಕೆ ದರವು ನೂರಕ್ಕೆ ೬ಕ್ಕೆ ಇಳಿದಿದ್ದಿತು. ಪರಸ್ಥಳದಲ್ಲಿದ್ದ ಮಗನಿಗೆ ಆ ತಾಯಿಯು, “ಬಡ್ಡಿ ನೂರಕ್ಕೆ ಎರಡು ಕಡಿಮೆಯಾಯಿತಪ್ಪ” ಎಂದು ತಿಳಿಸಿದರು. ಮಗನು, ನಾಲ್ಕು ಸಾವಿರಕ್ಕೆ ನೂರಕ್ಕೆ ಎರಡರಂತೆ ಎಂಭತ್ತು ರೂಪಾಯಿಯಲ್ಲವೆ, ಅಷ್ಟರಿಂದೇನು ಕೊರತೆಯಾದೀತು ಎಂದೆಣಿಸಿ ಸುಮ್ಮನಾದನು. ತಾಯಿಯಾದರೋ ಬಾಯಿಬಿಟ್ಟು ಹೇಳಿಕೊಳ್ಳುವ ಸ್ವಭಾವದವರಲ್ಲ. ಸಂಜೆಯ ಹಾಲನ್ನು ನಿಲ್ಲಿಸಿದರು. ರಕ್ತದ ಒತ್ತಡಕ್ಕೆಂದು ವೈದ್ಯರು ಕೊಟ್ಟಿದ್ದ ದಿನದ ಗುಳಿಗೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳತೊಡಗಿದರು.

ಮಗನು ದುಷ್ಟನಲ್ಲ; ಲೆಕ್ಕದಲ್ಲಿ ಎಡವಿದವನು. ವಾಸ್ತವವಾಗಿ ತಾಯಿಗೆ ಕಡಿಮೆಯಾದುದು ತಿಂಗಳಿಗೆ ಎಂಭತ್ತು ರೂಪಾಯಿಯಲ್ಲ, ಒಂದು ಸಾವಿರ ರೂಪಾಯಿ. ನೂರಕ್ಕೆ ಎರಡಲ್ಲ, ನೂರಕ್ಕೆ ಇಪ್ಪತ್ತೈದು. ಇದು ಹೇಗೆಂಬುದನ್ನು ಬಿಡಿಸಿ ನೋಡುವುದೇ ಈ ತಿಂಗಳ ನಮ್ಮ ಪ್ರಸ್ತಾಪ. ಏರಿಕೆಯ ಲೆಕ್ಕವನ್ನು ಎಲ್ಲರೂ ಕಣ್ಣಿಟ್ಟು ನೋಡುವರು. ಇಳಿಕೆಯ ಲೆಕ್ಕದಲ್ಲಿ ಮಾತ್ರ ಓದುಬರಹ ಬಲ್ಲವರೂ ಮೋಸಹೋಗುವುದುಂಟು. ಆದುದರಿಂದ ನಮ್ಮ ವಾಚಕರು ಕಾಗದ, ಸೀಸದಕಡ್ಡಿಗಳನ್ನು ಬಳಿಯಲ್ಲಿಟ್ಟುಕೊಂಡು ಇದನ್ನು ಓದಬೇಕೆಂದು ಪ್ರಾರ್ಥಿಸುವೆವು.

ಮೊದಲು ಸೂತ್ರವನ್ನು ಹೇಳಿಬಿಡುವೆವು. ಹಿಂದೆ ಇದ್ದ ಮೊತ್ತದಿಂದ ಈಗ ಇರುವ ಮೊತ್ತವನ್ನು ಕಳೆಯತಕ್ಕದ್ದು. ಬಂದ ವ್ಯತ್ಯಾಸವನ್ನು ಹಿಂದೆ ಇದ್ದ ಮೊತ್ತದಿಂದಲೇ ಭಾಗಿಸತಕ್ಕದ್ದು. ಅದನ್ನು ನೂರರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಇಳಿಯಿತೆಂಬುದು ಬರುವುದು. ಕಿಲೋ ಒಂದಕ್ಕೆ ೪೦ ರೂಪಾಯಿ ಇದ್ದ ಟೊಮೇಟೊ ೩೦ಕ್ಕೆ ಇಳಿದರೆ ವ್ಯತ್ಯಾಸ ೧೦. ೧೦ನ್ನು ೪೦ರಿಂದ ಭಾಗಿಸಿದರೆ ಕಾಲು. ಕಾಲೆಂದರೆ ನೂರಕ್ಕೆ ೨೫. ಇಷ್ಟೇ ಸೂತ್ರ. ಇದು ನಮಗೆ ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ನಮ್ಮ ಹಿರಿಯರು ಪ್ರಮಾಣ, ಫಲ, ಇಚ್ಛೆಗಳೆಂಬ ಮೂರು ರಾಶಿಗಳನ್ನಿಟ್ಟು ಮಾಡುತ್ತಿದ್ದ ತ್ರೈರಾಶಿಕವೇ ಇದು. ಇಚ್ಛೆಯ ಸ್ಥಾನದಲ್ಲಿ ನೂರನ್ನು ಇಟ್ಟಿರುವೆವು, ಅಷ್ಟೆ. ಪ್ರಮಾಣವು ೪೦, ಫಲವು ೧೦, ಇಚ್ಛೆಯು ೧೦೦. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಮತ್ತು ಚಿನ್ನದ ಲೆಕ್ಕಗಳನ್ನು ವಿಸ್ತಾರವಾಗಿ ಹೇಳಿರುವನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ವ್ಯವಹಾರದ ಲೆಕ್ಕವು ಜನರ ಮಾತಿನಲ್ಲಿ ಇರಬೇಕೆಂಬುದನ್ನು ಅಂದಿನವರು ಬಲ್ಲವರಾಗಿದ್ದರು.

ಈ ಸೂತ್ರದಲ್ಲಿ ತಪ್ಪುವ ಸ್ಥಳ ಒಂದೇ ಒಂದು. ನೂರೆಂದು ಯಾವುದನ್ನು ಇಟ್ಟುಕೊಂಡೆವು ಎಂಬುದೇ ಆ ಸ್ಥಳ. ಇಳಿಕೆಯ ಲೆಕ್ಕದಲ್ಲಿ ನೂರೆಂಬುದು ಯಾವಾಗಲೂ ಹಿಂದಿನ ಮೊತ್ತ. ೪೦ರಿಂದ ೩೦ಕ್ಕೆ ಇಳಿದ ಅದೇ ಟೊಮೇಟೊ ಮರುವಾರ ೩೦ರಿಂದ ೪೦ಕ್ಕೆ ಏರಿತೆನ್ನೋಣ. ಇಳಿದುದೂ ಹತ್ತೇ, ಏರಿದುದೂ ಹತ್ತೇ. ಆದರೂ ಇಳಿಕೆಯು ನೂರಕ್ಕೆ ೨೫, ಏರಿಕೆಯು ನೂರಕ್ಕೆ ೩೩ಕ್ಕಿಂತ ಕೊಂಚ ಹೆಚ್ಚು. ಎರಡನೆಯ ಸಲ ನೂರೆಂದು ಇಟ್ಟುಕೊಂಡ ಮೊತ್ತವು ೪೦ ಅಲ್ಲ, ೩೦ ಎಂಬುದೇ ಇದಕ್ಕೆ ಕಾರಣ. ಈ ಒಂದು ಅಂಶವು ಮನಸ್ಸಿನಲ್ಲಿ ನಾಟಿದರೆ ಮಿಕ್ಕುದೆಲ್ಲವೂ ಸುಲಭ.

ಹಾಗಾದರೆ ಕಳೆದುಕೊಂಡುದನ್ನು ಮರಳಿ ಪಡೆಯುವುದು ಕಳೆದುಕೊಳ್ಳುವುದಕ್ಕಿಂತ ಕಷ್ಟವೆಂದಾಯಿತು. ನೂರಕ್ಕೆ ೧೦ ಇಳಿದುದು ಮೊದಲಿನ ಸ್ಥಿತಿಗೆ ಬರಬೇಕಾದರೆ ನೂರಕ್ಕೆ ೧೧ಕ್ಕಿಂತ ಹೆಚ್ಚು ಏರಬೇಕು. ೨೦ ಇಳಿದುದು ೨೫ ಏರಬೇಕು. ಅರ್ಧಕ್ಕೆ ಇಳಿದುದು ಇಮ್ಮಡಿಯಾಗಬೇಕು. ಷೇರುಗಳಲ್ಲಿ ಹಣ ತೊಡಗಿಸಿದವರಿಗೆ, “ಕಳೆದ ವರ್ಷ ನೂರಕ್ಕೆ ೫೦ ಬಿದ್ದಿತು, ಈ ವರ್ಷ ನೂರಕ್ಕೆ ೫೦ ಎದ್ದಿತು, ಇನ್ನು ಚಿಂತೆಯಿಲ್ಲ” ಎಂದು ಯಾರಾದರೂ ಸಮಾಧಾನ ಹೇಳಿದರೆ, ಅವರು ನೂರು ರೂಪಾಯಿಯನ್ನು ಇಟ್ಟು ನೋಡಲಿ. ನೂರು ಐವತ್ತಾಯಿತು, ಐವತ್ತು ಎಪ್ಪತ್ತೈದಾಯಿತು. ಇನ್ನೂ ಇಪ್ಪತ್ತೈದು ರೂಪಾಯಿಯ ಚಿಂತೆ ಉಳಿದೇ ಇರುವುದು. ಚಿನ್ನದ ಒಡವೆಯ ವಿಷಯವೂ ಹೀಗೆಯೇ. ಒಂದು ಲಕ್ಷ ರೂಪಾಯಿಯ ಚಿನ್ನಕ್ಕೆ ನೂರಕ್ಕೆ ೧೨ರಂತೆ ಮಜೂರಿ ಕೊಟ್ಟು ೧,೧೨,೦೦೦ ರೂಪಾಯಿಗೆ ಬಳೆ ಕೊಂಡು, ಚಿನ್ನದ ಬೆಲೆ ಬದಲಾಗದಿರುವಾಗಲೇ ಅದನ್ನು ಮಾರಿದರೆ, ತೆರಿಗೆಯ ಮಾತನ್ನು ಬಿಟ್ಟರೂ, ಮಜೂರಿಯ ಹನ್ನೆರಡು ಸಾವಿರ ಹೋಯಿತು. ಆದರೆ ಕೊಟ್ಟ ಹಣದಲ್ಲಿ ಇಳಿದುದು ನೂರಕ್ಕೆ ೧೨ ಅಲ್ಲ. ೧,೧೨,೦೦೦ಕ್ಕೆ ೧೨,೦೦೦, ಎಂದರೆ ನೂರಕ್ಕೆ ಸುಮಾರು ೧೦.೭. ನೂರು ಯಾವುದೆಂದು ಕೇಳಿಕೊಂಡರೆ ಮಾತ್ರ ಇದು ತಿಳಿದೀತು.

ಇನ್ನು ಅಂಗಡಿಬೀದಿಗೆ ಬರೋಣ. ಹಬ್ಬದ ದಿನಗಳಲ್ಲಿ ಸೋಡಿಯ ಫಲಕಗಳು ಎಲ್ಲೆಲ್ಲಿಯೂ ತೂಗಾಡುವುದನ್ನು ವಾಚಕರು ಕಂಡಿರುವರಷ್ಟೆ. “ನೂರಕ್ಕೆ ೨೦ ಸೋಡಿ, ಅದರ ಮೇಲೆ ಮತ್ತೆ ನೂರಕ್ಕೆ ೧೦ ಸೋಡಿ” ಎಂಬುದನ್ನು ಓದಿದೊಡನೆ ನಮ್ಮ ಮನಸ್ಸು ಮೂವತ್ತೆಂದು ಕೂಡಿಬಿಡುತ್ತದೆ. ಸಾವಿರ ರೂಪಾಯಿಯ ಸೀರೆಯ ಬೆಲೆ ಮೊದಲ ಸೋಡಿಯಿಂದ ೮೦೦ ಆಯಿತು. ಎರಡನೆಯ ಸೋಡಿಯು ಸಾವಿರದ ಮೇಲಲ್ಲ, ೮೦೦ರ ಮೇಲೆ. ಆದುದರಿಂದ ಅದು ೮೦ ರೂಪಾಯಿ. ಸೀರೆಯ ಬೆಲೆ ೭೨೦ ಆಯಿತು. ಒಟ್ಟು ಸೋಡಿಯು ನೂರಕ್ಕೆ ೨೮, ಮೂವತ್ತಲ್ಲ. ಅಂಗಡಿಯವನು ಸುಳ್ಳು ಹೇಳಲಿಲ್ಲ. ನಾವೇ ಅವನ ಪರವಾಗಿ ತಪ್ಪಾಗಿ ಕೂಡಿದೆವು. “ಎರಡು ಕೊಂಡರೆ ಒಂದು ಉಚಿತ” ಎಂದರೆ ಮೂರು ಪದಾರ್ಥಕ್ಕೆ ಎರಡರ ಬೆಲೆ. ಸೋಡಿಯು ನೂರಕ್ಕೆ ಮೂವತ್ತಮೂರು ಚಿಲ್ಲರೆ. ಅದೂ ಮೂರು ಪದಾರ್ಥಗಳೂ ಮನೆಗೆ ಬೇಕಾಗಿದ್ದ ಪಕ್ಷದಲ್ಲಿ ಮಾತ್ರ. ಬೇಡದ ಮೂರನೆಯದು ಮೂಲೆಯಲ್ಲಿ ಕೊಳೆತರೆ ಸೋಡಿಯು ಸೊನ್ನೆ. ಇನ್ನು ೧,೦೦೦ ರೂಪಾಯಿಯ ಪದಾರ್ಥಕ್ಕೆ ಮೊದಲು ೧,೨೫೦ ಎಂದು ಚೀಟಿ ಅಂಟಿಸಿ, ಬಳಿಕ ನೂರಕ್ಕೆ ೨೦ರ ಸೋಡಿಯನ್ನು ಕೊಟ್ಟರೆ, ಕೊಳ್ಳುವವರು ತೆರುವುದು ಅದೇ ಸಾವಿರ. ಆದುದರಿಂದ ಸೋಡಿಯನ್ನು ಕೇಳುವ ಮೊದಲು, ಹಬ್ಬಕ್ಕೆ ಮುಂಚೆ ಅದರ ಬೆಲೆ ಎಷ್ಟಿದ್ದಿತು ಎಂಬುದನ್ನು ಕೇಳತಕ್ಕದ್ದು.

ಬೆಲೆ ಇಳಿಯದೆ ತೂಕ ಇಳಿಯುವ ಉಪಾಯವೊಂದುಂಟು. ೨೦ ರೂಪಾಯಿಯ ಬಿಸ್ಕತ್ತಿನ ಪೊಟ್ಟಣದಲ್ಲಿ ಹಿಂದೆ ೧೦೦ ಗ್ರಾಂ ಇದ್ದು, ಈಗ ೮೦ ಗ್ರಾಂ ಇದ್ದರೆ ತೂಕವು ನೂರಕ್ಕೆ ೨೦ ಇಳಿಯಿತು. ಬೆಲೆಯಾದರೋ ನೂರಕ್ಕೆ ೨೦ ಅಲ್ಲ, ೨೫ ಏರಿತು. ಏಕೆಂದರೆ ಈಗ ನೂರು ಗ್ರಾಮಿಗೆ ೨೫ ರೂಪಾಯಿ ಬೀಳುತ್ತದೆ. ಪೊಟ್ಟಣದ ಮುಖವನ್ನು ನೋಡದೆ ಅದರ ಬೆನ್ನಿನ ಮೇಲಿರುವ ನಿವ್ವಳ ತೂಕವನ್ನು ನೋಡುವ ಅಭ್ಯಾಸವು ಮನೆಮಂದಿಗೆಲ್ಲ ಇರುವುದು ಒಳ್ಳೆಯದು. ತೂಕವು ನ್ಯಾಯವಾಗಿಯೇ ಇಳಿಯುವ ಪ್ರಸಂಗಗಳೂ ಇವೆ. ಹಸಿಯ ಕಾಫಿ ಬೀಜವನ್ನು ಹುರಿದರೆ ಅದರಲ್ಲಿಯ ನೀರು ಮೊದಲಾದುವು ಹೋಗಿ ತೂಕವು ನೂರಕ್ಕೆ ಸುಮಾರು ೧೫ರಿಂದ ೨೦ರವರೆಗೆ ಕಡಿಮೆಯಾಗುವುದು. ೧೫ ಕಡಿಮೆಯಾಯಿತೆಂದರೆ ಒಂದು ಕಿಲೋ ಬೀಜವು ೮೫೦ ಗ್ರಾಂ ಆಯಿತು. ಹಸಿಬೀಜಕ್ಕೆ ಕಿಲೋ ಒಂದಕ್ಕೆ ೫೦೦ ರೂಪಾಯಿ ಕೊಟ್ಟಿದ್ದರೆ, ಹುರಿದ ಬೀಜದ ಕಿಲೋ ನಮಗೆ ಬಿದ್ದುದು ಸುಮಾರು ೫೮೮ ರೂಪಾಯಿಗೆ. ಕೂಲಿ, ಇಂಧನಗಳ ಖರ್ಚು ಬೇರೆ.

೨೦೨೫ನೆಯ ಇಸವಿಯ ಸೆಪ್ಟೆಂಬರ್ ೨೨ರಂದು ಸರಕು ಮತ್ತು ಸೇವಾ ತೆರಿಗೆಯ ದರಗಳು ಇಳಿದಾಗ ಈ ಗೊಂದಲವು ಅನೇಕ ಮನೆಗಳಲ್ಲಿ ಕಾಣಬಂದಿತು. ಸಾಬೂನು, ಹಲ್ಲುಜ್ಜುವ ಪೇಸ್ಟು, ತಲೆಯ ಎಣ್ಣೆಗಳ ಮೇಲಿನ ತೆರಿಗೆಯು ನೂರಕ್ಕೆ ೧೮ರಿಂದ ೫ಕ್ಕೆ ಇಳಿಯಿತು. ಬೆಲೆಯು ನೂರಕ್ಕೆ ೧೩ ಇಳಿಯಬೇಕೆಂದು ಜನರು ಎಣಿಸಿದರು. ತೆರಿಗೆಯಿಲ್ಲದ ಮೂಲ ಬೆಲೆ ೫೦ ರೂಪಾಯಿ ಇದ್ದ ಒಂದು ಪದಾರ್ಥವನ್ನು ತೆಗೆದುಕೊಳ್ಳೋಣ. ಹಿಂದೆ ಅದಕ್ಕೆ ನಾವು ತೆರುತ್ತಿದ್ದುದು ೫೯ ರೂಪಾಯಿ. ಹೊಸ ದರದಲ್ಲಿ ತೆರತಕ್ಕದ್ದು ೫೨ ರೂಪಾಯಿ ೫೦ ಪೈಸೆ. ವ್ಯತ್ಯಾಸವು ಆರೂವರೆ ರೂಪಾಯಿ. ೫೯ಕ್ಕೆ ಆರೂವರೆ ಎಂದರೆ ನೂರಕ್ಕೆ ಸುಮಾರು ೧೧. ತೆರಿಗೆಯ ನೂರು ಮೂಲ ಬೆಲೆ. ನಮ್ಮ ಕೈಚೀಲದ ನೂರು ತೆರಿಗೆ ಸೇರಿದ ಬೆಲೆ. ಎರಡು ಬೇರೆ ಬೇರೆ ನೂರುಗಳನ್ನು ಒಂದೆಂದು ತಿಳಿದು ಪಾಪದ ಅಂಗಡಿಯವನೊಡನೆ ಜಗಳವಾಡಿದವರೂ ಉಂಟು. ಬೆಣ್ಣೆ ತುಪ್ಪಗಳ ತೆರಿಗೆಯು ೧೨ರಿಂದ ೫ಕ್ಕೆ ಇಳಿದಾಗ ೧೧೨ ರೂಪಾಯಿ ೧೦೫ ಆಗಬೇಕಾದುದು; ಇದು ನೂರಕ್ಕೆ ಸರಿಯಾಗಿ ಆರೂಕಾಲು. ಆರೂಕಾಲೆಂದರೆ ಹದಿನಾರನೆಯ ಒಂದು ಪಾಲು. ೧೯೫೭ನೆಯ ಇಸವಿಯಲ್ಲಿ ದಶಮಾಂಶ ನಾಣ್ಯಗಳು ಬರುವುದಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆಗಳಿದ್ದುವಷ್ಟೆ. ನಮ್ಮ ಅಜ್ಜಿಯರಾಗಿದ್ದರೆ “ತುಪ್ಪ ರೂಪಾಯಿಗೆ ಒಂದಾಣೆ ಇಳಿಯಿತು” ಎಂದು ಬಾಯಲ್ಲಿಯೇ ಹೇಳಿಬಿಡುತ್ತಿದ್ದರು. ವ್ಯಕ್ತಿಗಳ ಜೀವವಿಮೆ ಮತ್ತು ಆರೋಗ್ಯವಿಮೆಗಳ ಕಂತಿನ ಮೇಲಿದ್ದ ನೂರಕ್ಕೆ ೧೮ರ ತೆರಿಗೆಯೂ ಅಂದೇ ತೊಲಗಿತು. ಮೂಲ ಕಂತು ಹಾಗೆಯೇ ಇದ್ದರೆ ೧೧೮ ಕೊಡುತ್ತಿದ್ದವರು ೧೦೦ ಕೊಡುವರು; ಇಳಿಕೆಯು ನೂರಕ್ಕೆ ಸುಮಾರು ೧೫.೨೫.

ಇಡಿಯದರ ಇಳಿಕೆಗೂ ಅದರ ಒಂದು ಭಾಗದ ಇಳಿಕೆಗೂ ಇರುವ ಭೇದವನ್ನು ಮರೆಯಲಾಗದು. ಅರವತ್ತು ವಾಟಿನ ಹಳೆಯ ಬುರುಡೆಯನ್ನು ತೆಗೆದು ಒಂಬತ್ತು ವಾಟಿನ ಎಲ್‌ಇಡಿ ದೀಪವನ್ನು ಹಾಕಿದರೆ ಆ ದೀಪದ ವಿದ್ಯುತ್ತು ನೂರಕ್ಕೆ ೮೫ ಉಳಿಯುವುದು. ಹಾಗೆಂದು ಮನೆಯ ವಿದ್ಯುತ್ತಿನ ಖರ್ಚು ನೂರಕ್ಕೆ ೮೫ ಇಳಿಯದು. ತಿಂಗಳಿಗೆ ನೂರು ಯೂನಿಟ್ ಖರ್ಚಾಗುವ ಮನೆಯಲ್ಲಿ ದೀಪಗಳ ಪಾಲು ಹತ್ತು ಯೂನಿಟ್ ಇದ್ದರೆ ಉಳಿಯುವುದು ಎಂಟೂವರೆ ಯೂನಿಟ್ ಮಾತ್ರ. ಉಳಿತಾಯ ಮಾಡಬೇಕೆಂಬ ಗೃಹಸ್ಥನು ಯಾವ ಬಾಬು ದೊಡ್ಡದೆಂಬುದನ್ನು ಮೊದಲು ನೋಡಬೇಕು. ದೊಡ್ಡ ಬಾಬಿನಲ್ಲಿ ನೂರಕ್ಕೆ ಹತ್ತನ್ನು ಇಳಿಸುವುದು ಚಿಕ್ಕ ಬಾಬನ್ನು ಅರ್ಧಕ್ಕೆ ಇಳಿಸುವುದಕ್ಕಿಂತ ಎಷ್ಟೋ ವೇಳೆ ಮೇಲು.

ಈಗ ನಮ್ಮ ತಾಯಿಯ ಬಡ್ಡಿಯ ಲೆಕ್ಕಕ್ಕೆ ಹಿಂದಿರುಗುವೆವು. ಬಡ್ಡಿಯ ದರವು ತಾನೇ ನೂರಕ್ಕೆ ಇಷ್ಟೆಂಬ ಒಂದು ಸಂಖ್ಯೆ. ೮ರಿಂದ ೬ಕ್ಕೆ ಇಳಿದರೆ ದರದಲ್ಲಿ ಎರಡು ಅಂಶಗಳು ಕಡಿಮೆಯಾದುವೆಂದು ಹೇಳಬೇಕೇ ಹೊರತು ನೂರಕ್ಕೆ ಎರಡು ಕಡಿಮೆಯಾಯಿತೆಂದು ಹೇಳತಕ್ಕದ್ದಲ್ಲ. ನೂರಕ್ಕೆ ಎಷ್ಟೆಂದು ಕೇಳಿದರೆ ೮ಕ್ಕೆ ೨, ಎಂದರೆ ೨೫. ವರಮಾನದಲ್ಲಿ ಕಾಲುಭಾಗವೇ ಹೋಯಿತು. ಹಳೆಯ ವರಮಾನವು ಮತ್ತೆ ಬರಬೇಕಾದರೆ ಠೇವಣಿಯು ಆರು ಲಕ್ಷದಿಂದ ಎಂಟು ಲಕ್ಷಕ್ಕೆ ಏರಬೇಕಾಗಿದ್ದಿತು. ಮುಪ್ಪಿನಲ್ಲಿ ಅದು ಎಲ್ಲಿಂದ ಬಂದೀತು? ಪತ್ರಿಕೆಗಳಲ್ಲಿ ದರಗಳ ಸುದ್ದಿಯನ್ನು ಓದುವಾಗಲೂ ಈ ಭೇದವು ನೆನಪಿರಬೇಕು. ರಿಸರ್ವ್ ಬ್ಯಾಂಕು ತನ್ನ ರೆಪೊ ದರವನ್ನು ೨೦೨೫ನೆಯ ಫೆಬ್ರವರಿಯಿಂದ ಜೂನ್‌ವರೆಗೆ ಮೂರು ಸಲ ತಗ್ಗಿಸಿ ೬.೫೦ರಿಂದ ೫.೫೦ಕ್ಕೆ ತಂದಿತು. ದರದಲ್ಲಿ ಇಳಿದುದು ಒಂದೇ ಅಂಶ. ದರವು ಇಳಿದುದು ನೂರಕ್ಕೆ ೧೫ಕ್ಕಿಂತ ಹೆಚ್ಚು. ಸಾಲ ಮಾಡಿದವನಿಗೆ ಇದು ಸಂತೋಷದ ಸುದ್ದಿ. ಠೇವಣಿಯ ಬಡ್ಡಿಯಿಂದ ಬಾಳುವವರಿಗೆ ಇದೇ ಮಾತು ಬೇರೆ ರೀತಿಯಲ್ಲಿ ಕೇಳುವುದು. ಅದರಂತೆಯೇ, ಬೆಲೆಯೇರಿಕೆಯ ಪ್ರಮಾಣವು ನೂರಕ್ಕೆ ೬ರಿಂದ ೪ಕ್ಕೆ ಇಳಿಯಿತೆಂದು ಓದಿದರೆ ಬೆಲೆಗಳು ಇಳಿದುವೆಂದು ತಿಳಿಯಬಾರದು. ಬೆಲೆಗಳು ಇನ್ನೂ ಏರುತ್ತಲೇ ಇವೆ. ಏರುವ ವೇಗ ಮಾತ್ರ ತಗ್ಗಿದೆ.

ಕಡೆಯದಾಗಿ ಆರೋಗ್ಯದ ಮಾತು. ಒಂದು ಔಷಧವು ರೋಗದ ಅಪಾಯವನ್ನು ಅರ್ಧಕ್ಕೆ ಇಳಿಸುವುದೆಂದು ಯಾರಾದರೂ ಹೇಳಿದರೆ, ಯಾವುದರ ಅರ್ಧವೆಂದು ಕೇಳತಕ್ಕದ್ದು. ಸಾವಿರ ಜನರಲ್ಲಿ ಇನ್ನೂರು ಮಂದಿಗೆ ಬರುತ್ತಿದ್ದ ರೋಗವು ನೂರು ಮಂದಿಗೆ ಇಳಿದರೂ ಅರ್ಧ. ಇಬ್ಬರಿಗೆ ಬರುತ್ತಿದ್ದುದು ಒಬ್ಬನಿಗೆ ಇಳಿದರೂ ಅರ್ಧ. ಮೊದಲನೆಯದರಲ್ಲಿ ಸಾವಿರಕ್ಕೆ ನೂರು ಮಂದಿ ಉಳಿದರು, ಎರಡನೆಯದರಲ್ಲಿ ಒಬ್ಬನು. ಔಷಧ ಬೇಕೆ ಬೇಡವೆ ಎಂಬುದನ್ನು ವೈದ್ಯರೇ ನಿರ್ಣಯಿಸಲಿ. ಆದರೆ ಈ ಪ್ರಶ್ನೆಯನ್ನು ಅವರಲ್ಲಿ ಕೇಳುವ ಅಧಿಕಾರ ನಮಗುಂಟು. ಸಂತೋಷದ ಇಳಿಕೆಯೊಂದನ್ನೂ ಹೇಳಬೇಕು. ಸರಕಾರದ ಮಾದರಿ ನೋಂದಣಿ ಗಣತಿಯ ಪ್ರಕಾರ ೨೦೧೪–೧೬ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ೧೦೮ ತಾಯಂದಿರು ಮಡಿಯುತ್ತಿದ್ದರು. ೨೦೧೮–೨೦ರಲ್ಲಿ ಈ ಸಂಖ್ಯೆಯು ೬೯ಕ್ಕೆ ಇಳಿಯಿತು. ಇದೇ ಕಾಲದಲ್ಲಿ ಭಾರತದ ಸಂಖ್ಯೆಯು ೧೩೦ರಿಂದ ೯೭ಕ್ಕೆ ಬಂದಿತು. ನಮ್ಮಲ್ಲಿಯ ಇಳಿಕೆಯು ನೂರಕ್ಕೆ ಸುಮಾರು ೩೬, ದೇಶದ್ದು ನೂರಕ್ಕೆ ಸುಮಾರು ೨೫. ಇದು ಹೆಮ್ಮೆಪಡತಕ್ಕ ಸಂಗತಿಯೇ. ಆದರೂ ಮೂವತ್ತಾರೆಂಬ ಅಂಕಿಯ ಹಿಂದೆ ಆ ಅರವತ್ತೊಂಬತ್ತು ಮಂದಿಯನ್ನು ನಾವು ಮರೆಯಲಾಗದು. ನೂರಕ್ಕೆ ಇಷ್ಟೆಂಬ ಲೆಕ್ಕವು ಎಷ್ಟು ದೂರ ಬಂದೆವೆಂಬುದನ್ನು ತಿಳಿಸುವುದು. ಇನ್ನೆಷ್ಟು ಉಳಿದಿದೆಯೆಂಬುದನ್ನು ಬೇರೆಯಾಗಿ ಕೇಳಬೇಕು.

ಆದುದರಿಂದ ಇಳಿಕೆಯ ಮಾತು ಕಿವಿಗೆ ಬಿದ್ದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಾವು ವಾಚಕರಿಗೆ ಬಿನ್ನವಿಸುವೆವು. ಇಲ್ಲಿ ನೂರು ಎಂದರೆ ಯಾವುದು? ರೂಪಾಯಿಗಳಲ್ಲಿ ಅದು ಎಷ್ಟು? ಇಳಿದ ಮೇಲೆ ಉಳಿದುದೆಷ್ಟು? ಈ ಮೂರಕ್ಕೆ ಉತ್ತರ ದೊರೆತರೆ ಯಾವ ಫಲಕವೂ ಯಾವ ಸುದ್ದಿಯೂ ನಮ್ಮನ್ನು ಮರುಳುಗೊಳಿಸಲಾರದು. ಮಕ್ಕಳಿಗೆ ಶಾಲೆಯ ಪುಸ್ತಕದ ಲೆಕ್ಕದ ಜೊತೆಗೆ ಮನೆಯ ಅಂಗಡಿಯ ಚೀಟಿಯನ್ನೂ ವಿದ್ಯುತ್ತಿನ ಬಿಲ್ಲನ್ನೂ ಕೊಟ್ಟು ಲೆಕ್ಕ ಮಾಡಿಸಿದರೆ, ಒಂದೆರಡು ತಿಂಗಳಲ್ಲಿ ಅವರೇ ಹಿರಿಯರನ್ನು ತಿದ್ದುವರು.

ಆ ತಾಯಿಯ ಮಗನು ಕಳೆದ ಯುಗಾದಿಗೆ ಊರಿಗೆ ಬಂದಿದ್ದನು. ಸಂಜೆ ಕಾಫಿಗೆ ಹಾಲಿಲ್ಲವೆಂಬುದನ್ನು ಕಂಡು ಕಾರಣವನ್ನು ಕೇಳಿದಾಗ, ತಾಯಿಯು ಮಾತಾಡದೆ ಬ್ಯಾಂಕಿನ ಪುಸ್ತಕವನ್ನು ಅವನ ಮುಂದಿಟ್ಟರಂತೆ. ನಾಲ್ಕು ಸಾವಿರದ ಸಾಲು ಒಂದು ಪುಟದಲ್ಲಿ, ಮೂರು ಸಾವಿರದ ಸಾಲು ಮರುಪುಟದಲ್ಲಿ. ಅವನು ಬಹಳ ಹೊತ್ತು ಆ ಎರಡು ಪುಟಗಳನ್ನು ತಿರುವಿ ತಿರುವಿ ನೋಡಿದನೆಂದು ಅವರೇ ನಮಗೆ ಹೇಳಿದರು. ಅಂದಿನಿಂದ ತಿಂಗಳ ಮೊದಲ ವಾರದಲ್ಲಿ ಒಂದು ಸಾವಿರ ರೂಪಾಯಿ ತಪ್ಪದೆ ಬರುತ್ತಿದೆ; ಗುಳಿಗೆಯು ಪ್ರತಿದಿನವೂ ನಡೆಯುತ್ತಿದೆ. ನಮ್ಮ ವಾಚಕರಲ್ಲಿಯೂ ದೂರದ ಊರಿನಲ್ಲಿ ತಂದೆತಾಯಿಗಳನ್ನು ಬಿಟ್ಟಿರುವವರು ಅನೇಕರಿರಬಹುದು. ಅವರು ಮುಂದಿನ ಸಲ ಮಾತನಾಡುವಾಗ, ಬಡ್ಡಿ ನೂರಕ್ಕೆ ಎಷ್ಟು ಎಂದು ಕೇಳದೆ, ತಿಂಗಳಿಗೆ ಕೈಗೆ ಎಷ್ಟು ಬರುತ್ತಿದೆ ಎಂದು ಕೇಳಲಿ.